ಒಂಬತ್ತು ನೀರಿನ ಗೋಧಿ

ತೆಕುಚ್ ಪೇಟೆಯಲ್ಲಿ ಒಟಿಲಿಯಾಳನ್ನು ಕಂಡರೆ ಎಲ್ಲರಿಗೂ ಒಂದು ಬಗೆಯ ಗೌರವ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಬಿಳಿ ಕೋಟು ಹಾಕಿಕೊಂಡು ನಿಂತು, ಕೆಮ್ಮಿನ ಸಿರಪ್ಪಿನ ಜೊತೆಗೆ ಎರಡು ಸಮಾಧಾನದ ಮಾತನ್ನೂ ಕಟ್ಟಿಕೊಡುತ್ತಿದ್ದವಳು. ಆದರೆ ಮಗಳು ಇಲಿಂಕಾಳ ಶಿಶುವಿಹಾರಕ್ಕೆ ಹೋದಾಗ ಮಾತ್ರ ಈ ಗೌರವವೆಲ್ಲ ಬಾಗಿಲ ಹೊರಗೆ ಚಪ್ಪಲಿಯ ಜೊತೆಗೇ ಉಳಿದುಬಿಡುತ್ತಿತ್ತು.

ಅದಕ್ಕೆ ಕಾರಣ ಹೋದ ವರ್ಷದ ಕ್ರಿಸ್ಮಸ್ ಸಮಾರಂಭ. ಆ ಸಲ ಅವಳು ಮಾರುಕಟ್ಟೆಯಿಂದ ಬಣ್ಣದ ಕಾಗದ ಸುತ್ತಿದ ಚಾಕಲೇಟಿನ ಕ್ರಿಸ್ಮಸ್ ತಾತಂದಿರನ್ನು ಕೊಂಡು ತಂದಿದ್ದಳು. ದಂತವೈದ್ಯೆ ರಮೋನಾ, ಅಮ್ಮಂದಿರ ಸಮಿತಿಯ ಯಜಮಾನಿ, ಒಂದನ್ನು ಎತ್ತಿಕೊಂಡು ಹಿಂದಿನ ಸಣ್ಣಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಸಕ್ಕರೆ, ತಾಳೆ ಎಣ್ಣೆ, ಬಣ್ಣ, ಮತ್ತೆ ಸಕ್ಕರೆ. ಔಷಧಿ ಅಂಗಡಿಯವರೇ ಹೀಗೆ ಮಾಡಿದರೆ ನನ್ನ ಕುರ್ಚಿಗೆ ಗಿರಾಕಿಗಳು ಹೆಚ್ಚಾಗುತ್ತಾರೆ ಬಿಡಿ ಎಂದು ನಕ್ಕಳು. ಎಲ್ಲರೂ ನಕ್ಕರು. ಒಟಿಲಿಯಾಳೂ ನಕ್ಕಳು. ತಾನೂ ನಕ್ಕಿದ್ದು ಮಾತ್ರ ಒಂದು ವರ್ಷ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಈ ವರ್ಷ ಶಿಶುವಿಹಾರದ ಬಾಗಿಲಿಗೇ ಕಾಗದ ಅಂಟಿಸಿದ್ದರು. ಸಮಾರಂಭಕ್ಕೆ ತರುವ ತಿಂಡಿಯಲ್ಲಿ ಸಕ್ಕರೆ ಇರಕೂಡದು, ಕ್ರೀಮು ಇರಕೂಡದು, ಬಣ್ಣ ಇರಕೂಡದು, ಮೊಟ್ಟೆ ಆಗದ ಮಗು ಒಂದಿದೆ, ಹಾಲು ಆಗದ ಮಕ್ಕಳು ಇಬ್ಬರಿದ್ದಾರೆ. ಅಮ್ಮಂದಿರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಯಾರು ಏನು ತರುವುದೆಂದು ಮಾತಾಡಿಕೊಂಡರು. ರಮೋನಾ ಸೌತೆಕಾಯಿಯನ್ನು ತೆಳ್ಳಗೆ ಸುರುಳಿ ಸುತ್ತಿ ಕಡ್ಡಿಗೆ ಚುಚ್ಚಿ ಕ್ರಿಸ್ಮಸ್ ಮರ ಮಾಡುವವಳಿದ್ದಳು. ಇನ್ನೊಬ್ಬಳು ಕಿತ್ತಳೆಗೆ ಲವಂಗದ ಕಣ್ಣಿಟ್ಟು ಮುಖ ಬರೆಯುವುದಾಗಿ ಹೇಳಿದಳು. ಸರದಿ ಒಟಿಲಿಯಾಳಿಗೆ ಬಂದಾಗ ರಮೋನಾ, ನೀವು ಈ ಸಲ ಬರೀ ಕೈ ಒರೆಸುವ ಕಾಗದ ತಂದರೂ ಸಾಕು ಎಂದಳು.

"ನಾನು ಹಿಮದ ಉಂಡೆ ತರ್ತೀನಿ" ಎಂದಳು ಒಟಿಲಿಯಾ. "ಸಕ್ಕರೆ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಇಡೀ ಧಾನ್ಯದ್ದು. ನೀವ್ಯಾರೂ ತಿಂದಿರಲ್ಲ."

ಅದು ಏನೆಂದು ಅವಳಿಗೇ ಗೊತ್ತಿರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

ಮೊದಲು ಓಟ್ಸು ಮತ್ತು ಬಾಳೆಹಣ್ಣು ಕಲಸಿ ಬೇಯಿಸಿದಳು. ಅದು ಚಪ್ಪಲಿಯ ಅಟ್ಟೆಯಾಯಿತು. ಕಡಲೆಕಾಳು ಬೇಯಿಸಿ ಕೋಕೋ ಹಾಕಿ ಅರೆದಳು. ಇಲಿಂಕಾ ಒಂದು ಚೂರು ಬಾಯಿಗಿಟ್ಟುಕೊಂಡು, ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ನಾವೇನು ತಪ್ಪು ಮಾಡಿದೀವಿ?" ಎಂದು ಕೇಳಿತು. ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿ ಸ್ಮರಾಂಡಾ ತಲೆ ಬಗ್ಗಿಸಿಕೊಂಡೇ ನಕ್ಕಳು.

ಒಟಿಲಿಯಾಳ ನಾಲಿಗೆಗೆ ಆಗಲೇ ಉತ್ತರ ಗೊತ್ತಿತ್ತು. ಮನಸ್ಸು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೇ. ಬೆಂದ ಗೋಧಿ, ಪುಡಿಮಾಡಿದ ವಾಲ್‌ನಟ್, ಕಿತ್ತಳೆ ಸಿಪ್ಪೆಯ ತುರಿ, ಸಕ್ಕರೆಯ ಬದಲು ಜೇನು. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿದ್ದ ಒಂದೊಂದು ಸಾಲಿಗೂ ಅದು ಸರಿಹೊಂದುತ್ತಿತ್ತು. ಅದರ ಹೆಸರು ಕೊಲಿವಾ. ಸತ್ತವರ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಚರ್ಚಿನಲ್ಲಿ ಮೇಣದಬತ್ತಿ ಚುಚ್ಚಿ ಹಂಚುವ ಗೋಧಿ ಅದು.

ಸ್ಮರಾಂಡಾ ಸೆರೆತ್ ಹೊಳೆಯಾಚೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಊರಿನ ಸತ್ತವರಿಗೆಲ್ಲ ಕೊಲಿವಾ ಬೇಯಿಸಿಕೊಟ್ಟ ಹೆಂಗಸು. ಮನೆಯಲ್ಲಿ ಯಾವಾಗಲೂ ಬೆಂದ ಗೋಧಿಯ ವಾಸನೆ, ರಮ್ ಎಸೆನ್ಸಿನ ವಾಸನೆ. ಪುಟ್ಟ ಒಟಿಲಿಯಾಳ ಕೂದಲಲ್ಲೂ ಅದೇ. ತಟ್ಟೆಯ ಅಂಚಿನಲ್ಲಿ ಉಳಿದದ್ದು ಮಗಳ ಡಬ್ಬಿಗೆ ಹೋಗುತ್ತಿತ್ತು. ಶಾಲೆಯಲ್ಲಿ ಅವಳು ಡಬ್ಬಿ ತೆಗೆದರೆ ಮಕ್ಕಳು ಸುತ್ತ ನಿಂತು, ಇವತ್ತು ಯಾರು ಸತ್ತರು ಒಟಿಲಿಯಾ ಎಂದು ಕೇಳುತ್ತಿದ್ದರು. ಆಮೇಲೆ ಅವಳ ಹೆಸರೇ ಕೊಲಿವಾ ಆಯಿತು. ಹನ್ನೊಂದನೇ ವಯಸ್ಸಿನಲ್ಲಿ ಅವಳು ಅದನ್ನು ತಿನ್ನುವುದು ಬಿಟ್ಟಳು. ಎರಡು ವರ್ಷದ ಹಿಂದೆ, ಲಾರಿ ಓಡಿಸುವ ಗಂಡ ತಿಂಗಳುಗಟ್ಟಲೆ ಸ್ಪೇನಿನ ದಾರಿಯಲ್ಲಿರುತ್ತಾನೆ, ಮಗುವನ್ನು ನೋಡಿಕೊಳ್ಳಲು ಬಾ ಎಂದು ತಾಯಿಯನ್ನು ಪೇಟೆಗೆ ಕರೆತಂದಾಗ ಹಾಕಿದ ಒಂದೇ ಷರತ್ತು ಇದು: ಇಲ್ಲಿ ಯಾರಿಗೂ ಗೋಧಿ ಬೇಯಿಸಿಕೊಡಕೂಡದು, ಬೇಯಿಸುತ್ತಿದ್ದೆ ಎಂದು ಹೇಳಲೂ ಕೂಡದು. ಸ್ಮರಾಂಡಾ ಆಗಲಿ ಎಂದಿದ್ದಳು. ಕೈ ಸುಮ್ಮನಿರಲಾರದೆ ಸ್ವೆಟರ್ ಹೆಣೆಯಲು ಶುರುಮಾಡಿದ್ದೂ ಆಗಲೇ.

ಸಮಾರಂಭಕ್ಕೆ ಎರಡು ದಿನ ಇರುವಾಗ ಒಟಿಲಿಯಾ ತಾಯಿಯ ಎದುರು ಬಂದು ಕೂತಳು.

"ಅಮ್ಮಾ, ನಿನ್ನ ಗೋಧಿ ಮಾಡಿಕೊಡು. ಉಂಡೆ ಕಟ್ಟಿ ಕೊಬ್ಬರಿ ತುರೀಲಿ ಹೊರಳಿಸಿಬಿಡೋಣ. ರಮ್ ಬೇಡ. ಯಾರಿಗೂ ಗೊತ್ತಾಗಲ್ಲ."

ಸ್ಮರಾಂಡಾಳ ಹೆಣಿಗೆ ಕಡ್ಡಿಗಳು ನಿಂತವು. "ಯಾರ ಹೆಸರಲ್ಲಿ?"

"ಯಾರ ಹೆಸರಲ್ಲೂ ಅಲ್ಲ. ಬರೀ ತಿಂಡಿ."

ಸ್ಮರಾಂಡಾ ಆಗುವುದಿಲ್ಲ ಎಂದಳು. ಗೋಧಿಯನ್ನು ಒಂಬತ್ತು ನೀರಿನಲ್ಲಿ ತೊಳೆಯಬೇಕು, ಒಂದೊಂದು ನೀರಿಗೂ ಸತ್ತವರ ಹೆಸರು ಹೇಳಬೇಕು, ಅವಳ ತಾಯಿ ಅವಳಿಗೆ ಕಲಿಸಿದ್ದು ಹಾಗೆ. ಹೆಸರಿಲ್ಲದೆ ತೊಳೆದರೆ ಆ ಗೋಧಿ ಯಾರ ಬಾಗಿಲಿಗೆ ಹೋಗಬೇಕು ಎಂದು ಕೇಳಿದಳು. ಮಕ್ಕಳ ಹಬ್ಬಕ್ಕೆ ಸೇಬು ಬೇಯಿಸಿ ಕೊಡುತ್ತೇನೆ, ಕುಂಬಳಕಾಯಿ ಸುಟ್ಟು ಕೊಡುತ್ತೇನೆ, ಇದು ಬೇಡ ಎಂದಳು.

ಆಗ ಒಟಿಲಿಯಾ ಆಡಿದ ಮಾತು ಆಮೇಲೆ ಅವಳಿಗೆ ಪದಪದವಾಗಿ ನೆನಪಿತ್ತು. "ನಿನ್ನ ಗೋಧಿಯಿಂದ ನಂಗೆ ಏನೇನಾಯ್ತು ಅಂತ ನಿಂಗೊತ್ತಲ್ಲ. ಒಂದೇ ಒಂದ್ಸಲ ಅದರಿಂದ ನಂಗೂ ಒಳ್ಳೇದಾಗ್ಲಿ ಬಿಡು."

ಸ್ಮರಾಂಡಾ ಹೆಣಿಗೆಯನ್ನು ಚೀಲದಲ್ಲಿಟ್ಟು, ಗೋಧಿ ತರಲು ಕೋಟು ಹಾಕಿಕೊಂಡಳು.

ಮರುದಿನ ಒಟಿಲಿಯಾ ಅಂಗಡಿಯಿಂದ ಬರುವ ಹೊತ್ತಿಗೆ ನಲವತ್ತು ಉಂಡೆಗಳು ದೊಡ್ಡ ತಟ್ಟೆಯಲ್ಲಿ ಸಾಲಾಗಿ ಕೂತಿದ್ದವು, ಬೆಳ್ಳಗೆ, ಒಂದೇ ಅಳತೆ. ಇಲಿಂಕಾಳ ತೋಳು ಮೊಣಕೈವರೆಗೂ ಒದ್ದೆ. ಅಜ್ಜಿಯೂ ನಾನೂ ತೊಳೆದೆವು ಎಂದು ಹೆಮ್ಮೆಯಿಂದ ಹೇಳಿತು. ಒಟಿಲಿಯಾ ತಟ್ಟೆಯ ಫೋಟೋ ತೆಗೆದು ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಹಾಕಿದಳು. ರಮೋನಾ ಒಂದು ಚಪ್ಪಾಳೆ ಕಳಿಸಿದಳು. ಒಟಿಲಿಯಾ ಅದನ್ನು ಮೂರು ಸಲ ತೆಗೆದು ನೋಡಿದಳು.

ಸಮಾರಂಭದ ದಿನ ಅಮ್ಮಂದಿರು, ಅಜ್ಜಿಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮಕ್ಕಳು ಹಾಡಿದರು, ಪದ್ಯ ಮರೆತರು, ಕ್ರಿಸ್ಮಸ್ ತಾತನ ಬೂಟು ನಮ್ಮ ಡ್ರೈವರ್ ಮಾಮನ ಬೂಟು ಎಂದು ಗುರುತು ಹಿಡಿದರು. ಹಾಡು ಮುಗಿದ ಮೇಲೆ ತಿಂಡಿ. ಮೊದಲು ದೊಡ್ಡವರು ರುಚಿ ನೋಡಿದರು. ರಮೋನಾ ಒಂದು ಉಂಡೆ ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು, ಇನ್ನೊಂದು ತೆಗೆದುಕೊಂಡಳು.

"ಒಟಿಲಿಯಾ, ಇದನ್ನ ಎಲ್ಲಿ ಕಲಿತ್ರಿ? ನಿಜ ಹೇಳಿ."

"ಇಟಲಿಯವರ ಒಂದು ಪುಸ್ತಕದಲ್ಲಿತ್ತು" ಎಂದಳು ಒಟಿಲಿಯಾ.

ಸ್ಮರಾಂಡಾ ಎರಡು ಹೆಜ್ಜೆ ಆಚೆ, ಕೋಟುಗಳನ್ನು ನೇತುಹಾಕುವ ಗೂಟಗಳ ಕೆಳಗೆ ನಿಂತಿದ್ದಳು. ಕೇಳಿಸಿತೋ ಇಲ್ಲವೋ. ಕೇಳಿಸಿತು ಎಂದು ಒಟಿಲಿಯಾಳಿಗೆ ಗೊತ್ತಾಯಿತು, ಏಕೆಂದರೆ ತಾಯಿ ಇದ್ದಕ್ಕಿದ್ದ ಹಾಗೆ ಯಾವುದೋ ಮಗುವಿನ ಟೋಪಿಯ ದಾರವನ್ನು ಬಹಳ ಗಮನ ಕೊಟ್ಟು ಕಟ್ಟತೊಡಗಿದ್ದಳು.

ಅಲ್ಲಿಯ ರೂಢಿ ಏನೆಂದರೆ, ಮನೆಯಿಂದ ತಂದ ತಿಂಡಿಯನ್ನು ಆ ಮಗುವೇ ಗೆಳೆಯರಿಗೆ ಹಂಚಬೇಕು. ಇಲಿಂಕಾ ತಟ್ಟೆ ಹಿಡಿದು ಮೊದಲ ಮಗುವಿನ ಎದುರು ನಿಂತು, ಪದ್ಯ ಹೇಳುವಾಗಿನ ಗಟ್ಟಿ ದನಿಯಲ್ಲಿ, "ಅನೇತಾ ಆಂಟಿ ಆತ್ಮಕ್ಕೆ" ಎಂದಿತು.

ಆ ಮಗು ಉಂಡೆ ತೆಗೆದುಕೊಂಡು, "ಬೊಗ್ದಾಪ್ರೋಸ್ತೆ" ಎಂದಿತು.

ಧನ್ಯವಾದ ಹೇಳುವಲ್ಲಿ ಯಾರೂ ಆ ಮಾತು ಆಡುವುದಿಲ್ಲ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳುವಾಗ ಮಾತ್ರ, ದೇವರು ಅವರನ್ನು ಮನ್ನಿಸಲಿ ಎನ್ನುವುದಕ್ಕೆ ಹೇಳುತ್ತಾರೆ. ಮಾತು ಸರಿಯಾಗಿ ಬರುವ ಮೊದಲೇ ಮಕ್ಕಳು ಅಜ್ಜಿಯರ ಮಡಿಲಲ್ಲಿ ಕೂತು ಕಲಿತದ್ದು. ಎರಡನೆಯ ಮಗುವೂ ಹೇಳಿತು, ಮೂರನೆಯದೂ ಹೇಳಿತು. ಅನೇತಾ ಶಿಶುವಿಹಾರದ ಅಡುಗೆಯವಳು. ಬ್ರೆಡ್ಡಿನ ತುದಿಗೆ ಪ್ಲಮ್ ಜಾಮ್ ಹಚ್ಚಿ ಕಿಟಕಿಯಿಂದ ಕೊಡುತ್ತಿದ್ದವಳು. ನವೆಂಬರಿನಲ್ಲಿ ತೀರಿಕೊಂಡಿದ್ದಳು. ಅವಳು ಸಮುದ್ರದ ಊರಿಗೆ ತಂಗಿಯ ಮನೆಗೆ ಹೋಗಿದ್ದಾಳೆ ಎಂದು ದೊಡ್ಡವರೆಲ್ಲ ಸೇರಿ ಮಕ್ಕಳಿಗೆ ಹೇಳಿದ್ದರು. ಅವಳ ಮನೆಯಿದ್ದ ಎದುರಿನ ಕಟ್ಟಡದ ಬಾಗಿಲಿಗೆ ಕಟ್ಟಿದ್ದ ಸೂತಕದ ಕಪ್ಪು ಬಟ್ಟೆಯನ್ನು ಮಕ್ಕಳು ತರಗತಿಯ ಕಿಟಕಿಯಿಂದ ಮೂರು ದಿನ ನೋಡಿದ್ದವು. ಯಾರೂ ಏನೂ ಕೇಳಿರಲಿಲ್ಲ.

"ನಂಗೆ ಎರಡು ಕೊಡು" ಎಂದ ನಾಲ್ಕನೆಯವನು. "ಒಂದು ಅನೇತಾ ಆಂಟಿಗೆ, ಒಂದು ನಮ್ಮ ಆಮೆಗೆ."

ಗೋಡೆಯ ಬದಿಯ ಒಬ್ಬ ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಂಡಳು. ಕ್ರಿಸ್ಮಸ್ ತಾತ ಉಂಡೆಯನ್ನು ಹತ್ತಿಯ ಗಡ್ಡದ ಹತ್ತಿರ ಹಿಡಿದುಕೊಂಡೇ ನಿಂತುಬಿಟ್ಟ. ರಮೋನಾ ಬಾಯಲ್ಲಿದ್ದುದನ್ನು ನುಂಗಲೂ ಆರದೆ ಉಗಿಯಲೂ ಆರದೆ, ಕೊನೆಗೆ ನುಂಗಿದಳು.

"ಕೊಲಿವಾನಾ ಇದು?" ಎಂದಳು. "ಹಬ್ಬದ ದಿನ ನಮ್ಮ ಮಕ್ಕಳಿಗೆ ಸತ್ತವರ ಗೋಧಿ ತಿನ್ನಿಸ್ತಾ ಇದೀರಾ, ಒಟಿಲಿಯಾ?"

ಇಪ್ಪತ್ತು ಮುಖಗಳು ಅವಳ ಕಡೆ ತಿರುಗಿದವು. ಒಟಿಲಿಯಾಳಿಗೆ ಅಮ್ಮಂದಿರು ಕಾಣಲಿಲ್ಲ. ಡಬ್ಬಿಯ ಸುತ್ತ ನಿಂತ ಮಕ್ಕಳು ಕಂಡರು.

"ನಂಗೆ ಗೊತ್ತಿರ್ಲಿಲ್ಲ" ಎಂದಳು. "ನಮ್ಮಮ್ಮ ಮಾಡಿದ್ದು. ಹಳ್ಳಿಯವಳು, ವಯಸ್ಸಾಗಿದೆ, ಅವಳಿಗೆ ಯಾವುದಕ್ಕೆ ಏನು ಅಂತ ಗೊತ್ತಾಗಲ್ಲ."

ಹೇಳಿ ಮುಗಿಸುವ ಮೊದಲೇ ಆ ಮಾತನ್ನು ವಾಪಸು ಬಾಯಿಗೆ ತುರುಕಿಕೊಳ್ಳುವಂತಿದ್ದರೆ ಎನ್ನಿಸಿತು. ಆದರೆ ಅವಳು ನಿಲ್ಲಿಸಲಿಲ್ಲ, ಮುಗಿಸಿದಳು.

ಸ್ಮರಾಂಡಾ ಗೂಟಗಳ ಕೆಳಗಿನಿಂದ ಮುಂದೆ ಬಂದಳು. ತಲೆಗೆ ಕಟ್ಟಿದ ವಸ್ತ್ರವನ್ನು ಸರಿಮಾಡಿಕೊಂಡಳು. "ಹೌದು, ನಾನೇ ಮಾಡಿದ್ದು. ಮಗಳಿಗೇನೂ ಗೊತ್ತಿಲ್ಲ. ತಪ್ಪಾಯ್ತು, ಮನಸಿಗೆ ಹಚ್ಕೋಬೇಡಿ" ಎಂದಳು. ಆಮೇಲೆ ಮೊಮ್ಮಗಳ ಕೋಟು ತೆಗೆದುಕೊಂಡು ಗುಂಡಿ ಹಾಕತೊಡಗಿದಳು. ಇಲಿಂಕಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಅಮ್ಮನ ಮುಖವನ್ನೇ ನೋಡುತ್ತಿತ್ತು. ಕಡಲೆಕಾಳು ತಿಂದ ದಿನ ನೋಡಿದ ಹಾಗೆಯೇ.

ಮೂವರೂ ಗೇಟಿನವರೆಗೆ ನಡೆದರು. ಹಿಮ ಬಿದ್ದಿರಲಿಲ್ಲ, ನೆಲ ಕೆಸರಾಗಿ ಹೆಪ್ಪುಗಟ್ಟಿತ್ತು. ಗೇಟಿನ ಹತ್ತಿರ ಇಲಿಂಕಾ ನಿಂತಿತು.

"ಅಮ್ಮಾ, ನೀನೇ ಅಲ್ವಾ ಅಜ್ಜಿಗೆ ಮಾಡು ಅಂದಿದ್ದು? ನಾನು ಕೇಳಿಸ್ಕೊಂಡೆ. ಅಜ್ಜಿ ಬೇಡ ಅಂತು."

"ಸುಮ್ನಿರು ಮರಿ" ಎಂದಳು ಸ್ಮರಾಂಡಾ. "ಅಮ್ಮಂಗೆ ಮರೆತುಹೋಗಿದೆ."

"ಹೆಸರು ನಾನು ಹೇಳಿದ್ದು. ಅಜ್ಜಿ ಯಾರ ಹೆಸರು ಹೇಳ್ಲಿ ಅಂತ ಕೇಳ್ತು. ಯಾರೂ ಅನೇತಾ ಆಂಟಿಗೆ ಏನೂ ಕೊಟ್ಟಿರ್ಲಿಲ್ವಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮಂಗೆ ಮರೆತುಹೋಗಿದೆ ಎಂದು ತಾಯಿ ಅವಳಿಗೊಂದು ಸುಳ್ಳನ್ನು ದಾನ ಮಾಡಿದ್ದಳು. ಅದೂ ಮಗುವಿನ ಎದುರಿಗೆ. ಒಟಿಲಿಯಾಳ ಕಿವಿ, ಕುತ್ತಿಗೆ, ಕೋಟಿನೊಳಗಿನ ಬೆನ್ನು ಎಲ್ಲ ಸುಡತೊಡಗಿತು. ತಟ್ಟೆ ಅಲ್ಲೇ ಉಳಿಯಿತು, ತರುತ್ತೇನೆ ಎಂದು ಹೇಳಿ ಹಿಂದಕ್ಕೆ ತಿರುಗಿದಳು. ತಟ್ಟೆ ಒಂದು ನೆಪ. ತಾಯಿಯ ಪಕ್ಕದಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ಒಳಗೆ ಮಕ್ಕಳು ಉಡುಗೊರೆಯ ಕಾಗದ ಹರಿಯುತ್ತಿದ್ದವು. ತಟ್ಟೆ ಮೇಜಿನ ಮೇಲೆ ಖಾಲಿಯಾಗಿತ್ತು. ಎಲ್ಲ ತಿಂದುಬಿಟ್ಟವೇನೋ ಎಂದು ಒಂದು ಗಳಿಗೆ ಅವಳ ಎದೆ ಹಗುರವಾಯಿತು. ಆಮೇಲೆ ಕಸದ ಬುಟ್ಟಿ ಕಂಡಿತು. ಕಿತ್ತಳೆ ಸಿಪ್ಪೆ, ಸೌತೆಕಾಯಿ ಚುಚ್ಚಿದ್ದ ಕಡ್ಡಿಗಳು, ಅವುಗಳ ಮೇಲೆ ಬೆಳ್ಳಗೆ ಹಿಮದ ಉಂಡೆಗಳು.

ಕೊಲಿವಾವನ್ನು ಕಸಕ್ಕೆ ಹಾಕುವುದಿಲ್ಲ. ತಟ್ಟೆ ತೊಳೆದ ನೀರನ್ನೂ ಗಿಡದ ಬುಡಕ್ಕೆ ಹಾಕುತ್ತಾರೆ, ಉದುರಿದ ಕಾಳನ್ನು ಹಕ್ಕಿಗೆ ಹಾಕುತ್ತಾರೆ. ಇದು ಒಟಿಲಿಯಾಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಅವಳ ಕೈಗೇ ಗೊತ್ತಿತ್ತು. ಅಂಗಳದಲ್ಲಿ ತಾಯಿಯ ಹಿಂದೆ ಹಿಂದೆ ಓಡಾಡುತ್ತ ಒಂದೊಂದೇ ಕಾಳು ಹೆಕ್ಕಿದ ಕೈ. ಅದೇ ಕೈ ಈಗ ಬುಟ್ಟಿಗೆ ಹೋಯಿತು. ಅವಳು ಮಂಡಿಯೂರಿ ಕೂತಿದ್ದಳು.

"ಏನ್ ಮಾಡ್ತಿದೀರಿ?" ರಮೋನಾ ಕೇಳಿದಳು. ದನಿಯಲ್ಲಿ ಈಗ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು.

"ಇದನ್ನ ಎಸೀಬಾರದು" ಎಂದಳು ಒಟಿಲಿಯಾ. ತಲೆ ಎತ್ತಲಿಲ್ಲ. ಉಂಡೆಗೆ ಅಂಟಿದ್ದ ಕಿತ್ತಳೆ ನಾರನ್ನು ಬಿಡಿಸಿ ಇನ್ನೊಂದು ಅಂಗೈಯಲ್ಲಿ ಇಟ್ಟುಕೊಂಡಳು. "ನಾನು ಸುಳ್ಳು ಹೇಳಿದೆ. ಮಾಡು ಅಂದಿದ್ದು ನಾನು. ನಮ್ಮಮ್ಮ ಬೇಡ ಅಂದ್ಲು. ಯಾರಿಗೂ ಗೊತ್ತಾಗಲ್ಲ ಅಂತ ನಾನೇ ಬಲವಂತ ಮಾಡ್ದೆ. ಇಟಲಿ ಪುಸ್ತಕ ಯಾವುದೂ ಇಲ್ಲ. ನಮ್ಮಮ್ಮ ಮೂವತ್ತು ವರ್ಷ ಇದನ್ನೇ ಮಾಡಿ ನನ್ನ ಓದಿಸಿದ್ದು. ಯಾವುದಕ್ಕೆ ಏನು ಅಂತ ಅವಳಿಗೆ ಗೊತ್ತು. ಗೊತ್ತಿಲ್ದೆ ಇದ್ದಿದ್ದು ನಂಗೆ."

ಯಾರಾದರೂ ಪರವಾಗಿಲ್ಲ ಬಿಡಿ ಎನ್ನುತ್ತಾರೆ ಎಂದು ಅವಳು ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾದಳು. ಯಾರೂ ಅನ್ನಲಿಲ್ಲ. ತರಗತಿಯ ಝಾನಿನಾ ಮಿಸ್ ಒಂದು ಕಾಗದದ ಚೀಲ ತಂದು ಪಕ್ಕದಲ್ಲಿಟ್ಟು, ಅನೇತಾಗೆ ಇಲ್ಲಿ ಒಂದು ಮೇಣದಬತ್ತಿಯನ್ನೂ ಹಚ್ಚಲಿಲ್ಲ ನಾವು ಎಂದು ತನಗೆ ತಾನೇ ಎಂಬಂತೆ ಹೇಳಿ ಮಕ್ಕಳ ಕಡೆ ಹೋದಳು. ರಮೋನಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹದಿನೇಳು ಉಂಡೆಗಳು ಸಿಕ್ಕವು. ಹದಿನೆಂಟನೆಯದು ಒಡೆದುಹೋಗಿತ್ತು. ಅದರ ಕಾಳುಗಳನ್ನು ಹೆಕ್ಕಲು ಹೆಚ್ಚು ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ಉಳಿದವರೆಲ್ಲ ನೋಡುತ್ತಿದ್ದರು.

ಗೇಟಿನ ಹೊರಗೆ ಸ್ಮರಾಂಡಾ ಮೊಮ್ಮಗಳ ಕೈಗಳನ್ನು ತನ್ನ ಕೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಳು. ಚೀಲದೊಳಗೆ ಇಣುಕಿ ನೋಡಿದಳು, ಸಿಪ್ಪೆಯ ವಾಸನೆ ಮೂಗಿಗೆ ಬಂದಿರಬೇಕು, ಎಲ್ಲಿಂದ ಎಂದು ಕೇಳಲಿಲ್ಲ. ಚೀಲವನ್ನು ತಾನೇ ತೆಗೆದುಕೊಂಡು ಹೋಗಿ, ರಸ್ತೆಯಾಚೆ ಅನೇತಾಳ ಕಟ್ಟಡದ ಎದುರಿನ ಬೋಳು ಮರದ ಕೆಳಗೆ ಬಗ್ಗಿ, ಉಂಡೆಗಳನ್ನು ಒಂದೊಂದಾಗಿ ಪುಡಿಮಾಡಿ ಹಾಕಿದಳು. ಗುಬ್ಬಿಗಳಿಗೆ ಹೇಗೆ ಗೊತ್ತಾಯಿತೋ, ಬಂದವು.

"ಒಳಗೆ ಹೇಳಿದೆ ಅಮ್ಮಾ" ಎಂದಳು ಒಟಿಲಿಯಾ. "ಎಲ್ಲ ಹೇಳಿದೆ."

"ಹೇಳಬೇಕಾದೋರಿಗೆ ಹೇಳಿದ್ದೀಯ" ಎಂದಳು ಸ್ಮರಾಂಡಾ. ಅಷ್ಟೇ. ಸಿಟ್ಟಿನಲ್ಲಿ ಅಂದದ್ದೂ ಅಲ್ಲ, ಸಮಾಧಾನ ಮಾಡಲು ಅಂದದ್ದೂ ಅಲ್ಲ. ಹಬ್ಬ ಮುಗಿದ ಮೇಲೆ ನಾಲ್ಕು ದಿನ ಊರಿಗೆ ಹೋಗಿ ಬರುತ್ತೇನೆ, ಮನೆ ಬೀಗ ಹಾಕಿಯೇ ಇದೆ ಎಂದಳು. ನಾಲ್ಕು ದಿನ ಎಂದರೆ ಎಷ್ಟು ದಿನ ಎಂದು ಕೇಳುವ ಹಕ್ಕು ತನಗೆ ಈಗ ಇಲ್ಲವೆಂದು ಒಟಿಲಿಯಾಳಿಗೆ ಗೊತ್ತಿತ್ತು.

ಸ್ಮರಾಂಡಾ ಕೋಟಿನ ಜೇಬಿನಿಂದ ಕರವಸ್ತ್ರದ ಗಂಟು ತೆಗೆದಳು. ಎಷ್ಟೇ ಗೋಧಿ ಮಾಡಲಿ, ಹಂಚುವ ಮೊದಲು ಒಂದು ತುತ್ತು ಎತ್ತಿಡುವುದು ಅವಳ ಪದ್ಧತಿ. ಗಂಟಿನಲ್ಲಿ ಒಂದು ಉಂಡೆಯಿತ್ತು, ಸ್ವಲ್ಪ ಚಪ್ಪಟೆಯಾಗಿತ್ತು. ಅದನ್ನು ಅಂಗೈಯ ಮೇಲಿಟ್ಟು ಮಗಳ ಮುಂದೆ ಚಾಚಿದಳು.

"ಅನೇತಾ ಆತ್ಮಕ್ಕೆ" ಎಂದಳು.

ಒಟಿಲಿಯಾ ತೆಗೆದುಕೊಂಡಳು. ಕೈಗೆ ಇನ್ನೂ ಬುಟ್ಟಿಯ ವಾಸನೆಯಿತ್ತು. ಇಪ್ಪತ್ತನಾಲ್ಕು ವರ್ಷದ ಮೇಲೆ ಬಾಯಿಗೆ ಬಂದ ಗೋಧಿ ಹಿಂದಿನ ಹಾಗೆಯೇ ಮೆತ್ತಗಿತ್ತು. ಅವಳಿಗೆ ಅಗಿಯಲು ಆಗುತ್ತಿತ್ತು, ಹೇಳಬೇಕಾದ ಮಾತು ಮಾತ್ರ ಬರುತ್ತಿರಲಿಲ್ಲ. ದೇವರು ಮನ್ನಿಸಲಿ ಎಂದು ಯಾರ ಪರವಾಗಿ ಕೇಳುವುದು, ಯಾವ ಬಾಯಿಂದ ಕೇಳುವುದು.

ಇಲಿಂಕಾ ಅವಳ ಕೋಟಿನ ತುದಿ ಎಳೆಯಿತು. "ಹೇಳಮ್ಮಾ. ತಿಂದ ಮೇಲೆ ಹೇಳ್ಬೇಕು."

ಒಟಿಲಿಯಾ ತಲೆ ತಗ್ಗಿಸಿಕೊಂಡು, ಗುಬ್ಬಿಗಳನ್ನು ನೋಡುತ್ತ, ತಾಯಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, "ಬೊಗ್ದಾಪ್ರೋಸ್ತೆ" ಎಂದಳು.